ನಿಲ್ಲಿಸಿಯೂ ಒಮ್ಮೆ ಬಿ.ಪಿ. ನೋಡಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವರ್ಷದ ಏಪ್ರಿಲ್ ತಿಂಗಳಲ್ಲಿ, ಇನ್ನೂ ಬೆಳಗಿನ ಐದು ಗಂಟೆಯೂ ಆಗಿರದ ಹೊತ್ತಿನಲ್ಲಿ, 74 ವರ್ಷದ ನನ್ನ ಅಕ್ಕ ಬಚ್ಚಲುಮನೆಯಿಂದ ಹೊರಬಂದು ಹೊಸ್ತಿಲು ದಾಟುವಾಗ ಕಣ್ಣು ಕತ್ತಲಿಟ್ಟು ಕುಸಿದು ಬಿದ್ದಳು. ತೊಡೆಯ ಮೂಳೆ ಸೊಂಟದ ಕೀಲಿನ ಹತ್ತಿರ ಮುರಿಯಿತು. ಶಸ್ತ್ರಚಿಕಿತ್ಸೆ, ಹಾಸಿಗೆ, ಆಮೇಲೆ ವಾಕರ್ ಹಿಡಿದು ಒಂದೊಂದೇ ಹೆಜ್ಜೆ ಎಂದು ಐದು ತಿಂಗಳು ಕಳೆದವು. ಅವಳು ಬೀಳುವ ಹದಿನೈದು ದಿನ ಮುಂಚೆ ಅಕ್ಕನ ಮನೆಯಿರುವ ಬಡಾವಣೆಯಲ್ಲಿ ಒಂದು ಉಚಿತ ತಪಾಸಣಾ ಶಿಬಿರ ನಡೆದಿತ್ತು. ಎರಡನೇ ಮಹಡಿಯ ಸಭಾಂಗಣಕ್ಕೆ ಮೆಟ್ಟಿಲು ಹತ್ತಿ ಹೋಗಿ, ಏದುಸಿರು ಇಳಿಯುವ ಮೊದಲೇ ಕುರ್ಚಿಯಲ್ಲಿ ಕೂತು, ಪಕ್ಕದವರೊಡನೆ ಮಾತಾಡುತ್ತಿರುವಾಗಲೇ ಅವಳ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು, ಚೀಟಿಯಲ್ಲಿ 178/94 ಎಂದು ಬರೆದುಕೊಟ್ಟರು. ಮರುದಿನ ಆ ಚೀಟಿಯನ್ನು ನೋಡಿದ ಚಿಕಿತ್ಸಾಲಯದಲ್ಲಿ ಇನ್ನೊಮ್ಮೆ ಅಳೆಯದೆಯೇ ಮಾತ್ರೆಯ ಪ್ರಮಾಣವನ್ನು ಇಮ್ಮಡಿ ಮಾಡಿದರು, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯೊಂದನ್ನೂ ಸೇರಿಸಿದರು.

ಶಿಬಿರ ನಡೆಸಿದವರನ್ನಾಗಲಿ ಆ ಚಿಕಿತ್ಸಾಲಯವನ್ನಾಗಲಿ ದೂರಲು ಈ ಪತ್ರ ಬರೆಯುತ್ತಿಲ್ಲ. ಅವರು ಮಾಡಿದ್ದು ನಮ್ಮ ಊರು ಊರುಗಳಲ್ಲಿ ದಿನವೂ ನಡೆಯುವ ಕೆಲಸವೇ. ಮೂವತ್ತೊಂದು ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾ ವಿಜ್ಞಾನವನ್ನು ಬೋಧಿಸಿದ ನನಗೆ ಅಂದಿನಿಂದ ಒಂದೇ ಸಂಗತಿ ಮನಸ್ಸನ್ನು ಕೊರೆಯುತ್ತಿದೆ: ಅಕ್ಕ ಬಿ.ಪಿ. ಮಾತ್ರೆ ನುಂಗಲು ಶುರುಮಾಡಿ ಹನ್ನೆರಡು ವರ್ಷಗಳಾಗಿದ್ದರೂ, ಆ ಹನ್ನೆರಡು ವರ್ಷಗಳಲ್ಲಿ ಒಬ್ಬರೂ, ಒಂದು ಸಲವೂ, ಅವಳನ್ನು ಎದ್ದು ನಿಲ್ಲಿಸಿ ಬಿ.ಪಿ. ನೋಡಿರಲಿಲ್ಲ. ಆಸ್ಪತ್ರೆಯ ಹಾಸಿಗೆಯ ಮೇಲೆ ಅವಳು ನನ್ನ ಕೈ ಹಿಡಿದು, ‘ಇಷ್ಟು ವರ್ಷ ಊರ ಹುಡುಗರಿಗೆಲ್ಲ ಪಾಠ ಹೇಳಿದೆಯಲ್ಲೋ, ನನಗೂ ಒಂದು ಸಲ ಹೇಳಬಾರದಿತ್ತೇನೋ’ ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅವಳಿಗೆ ಹೇಳದೆ ಉಳಿದ ಆ ಪಾಠವನ್ನು ತಮ್ಮ ಓದುಗರಿಗಾದರೂ ಹೇಳಲು ಸ್ವಲ್ಪ ಹೆಚ್ಚು ಜಾಗ ಕೊಡಬೇಕೆಂದು ಕೋರುತ್ತೇನೆ.

ರಕ್ತದೊತ್ತಡ ಎಂದರೆ ಎತ್ತರ, ತೂಕದ ಹಾಗೆ ಮನುಷ್ಯನಿಗೆ ಅಂಟಿಕೊಂಡಿರುವ ಒಂದು ಅಳತೆ ಎಂದು ನಾವು ಭಾವಿಸಿದ್ದೇವೆ. ‘ನನ್ನದು 140’, ‘ನಮ್ಮವರದು 160’ ಎಂದು ಹೇಳಿಕೊಳ್ಳುತ್ತೇವೆ. ಆದರೆ ಅದು ದೇಹವು ಕ್ಷಣಕ್ಷಣವೂ ಸರಿಪಡಿಸುತ್ತ ಕಾಪಾಡಿಕೊಂಡು ಬರುವ ಸ್ಥಿತಿಯೇ ಹೊರತು ನಿಂತ ನೀರಲ್ಲ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್, ಮಲಗಿಸಿ ಕಟ್ಟಿದ್ದ ಒಂದು ಹೆಣ್ಣು ಕುದುರೆಯ ಅಪಧಮನಿಗೆ (ಹೃದಯದಿಂದ ರಕ್ತ ಒಯ್ಯುವ ನಾಳಕ್ಕೆ) ಹಿತ್ತಾಳೆಯ ಕೊಳವೆಯ ಮೂಲಕ ಉದ್ದನೆಯ ಗಾಜಿನ ನಳಿಕೆಯನ್ನು ಜೋಡಿಸಿದಾಗ ರಕ್ತ ಎಂಟು ಅಡಿಗೂ ಹೆಚ್ಚು ಮೇಲೇರಿತು. ಅಷ್ಟೇ ಅಲ್ಲ, ಏರಿದ ರಕ್ತ ಒಂದೆಡೆ ನಿಲ್ಲದೆ ಮಿಡಿತಕ್ಕೊಮ್ಮೆ ಏರಿಳಿಯುತ್ತಲೇ ಇತ್ತು. 1733ರಲ್ಲಿ ಆತ ಪ್ರಕಟಿಸಿದ ಈ ಪ್ರಯೋಗವು ರಕ್ತದೊತ್ತಡದ ಮೊದಲ ನೇರ ಅಳತೆ. ಒತ್ತಡ ಸದಾ ಅಲುಗಾಡುವ ಸಂಗತಿ ಎಂಬುದು ಆ ಮೊದಲ ದಿನವೇ ಕಣ್ಣಿಗೆ ಬಿದ್ದಿತ್ತು.

ಸುಮ್ಮನೆ ಕೂತಿರುವ ವಯಸ್ಕನ ಹೃದಯ ಮಿಡಿತಕ್ಕೆ ಸುಮಾರು 70 ಮಿಲಿಲೀಟರಿನಂತೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರಗೆ ತಳ್ಳುತ್ತದೆ. ಮೈಯಲ್ಲಿರುವ ಒಟ್ಟು ರಕ್ತವೂ ಹೆಚ್ಚುಕಡಿಮೆ ಅಷ್ಟೇ. ಎಂದರೆ ಇರುವ ರಕ್ತವಷ್ಟೂ ನಿಮಿಷಕ್ಕೊಂದು ಸುತ್ತು ಬರುತ್ತಿರಬೇಕು. ವಿಲಿಯಂ ಹಾರ್ವೆ 1628ರಲ್ಲಿ ರಕ್ತ ಸುತ್ತುತ್ತದೆ ಎಂದು ಸಾಧಿಸಿದ್ದು ಇಂಥ ಲೆಕ್ಕದಿಂದಲೇ: ಅರ್ಧ ಗಂಟೆಯಲ್ಲಿ ಹೃದಯ ಹೊರಹಾಕುವ ರಕ್ತವನ್ನು ಎಷ್ಟೇ ಕಡಿಮೆಯೆಂದು ಹಿಡಿದರೂ ಅದು ದೇಹದಲ್ಲಿರುವುದಕ್ಕಿಂತ ಹೆಚ್ಚಾಗುತ್ತದೆ, ಆದ್ದರಿಂದ ಹೋದದ್ದೇ ಮರಳಿ ಬರುತ್ತಿರಲೇಬೇಕು. ಹೋದದ್ದು ಮರಳಿ ಬರಬೇಕು ಎಂಬ ಈ ಮಾತೇ ಮುಂದಿನದೆಲ್ಲಕ್ಕೂ ಬುಡ. ಹೃದಯ ತನಗೆ ಬಂದಷ್ಟನ್ನು ಮಾತ್ರ ಕೊಡಬಲ್ಲದು. ಹೆಚ್ಚು ರಕ್ತ ಬಂದರೆ ಅದರ ಗೋಡೆ ಹೆಚ್ಚು ಹಿಗ್ಗಿ, ಹಿಗ್ಗಿದಷ್ಟೂ ಬಲವಾಗಿ ಹಿಂಡುತ್ತದೆ; ಕಡಿಮೆ ಬಂದರೆ ಕಡಿಮೆ ಹಿಂಡುತ್ತದೆ. ಜರ್ಮನಿಯ ಆಟ್ಟೊ ಫ್ರಾಂಕ್ ಮತ್ತು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಅವರ ಹೆಸರಿನಲ್ಲಿ ನಾವು ಕಲಿಸುವ ಈ ನಿಯಮಕ್ಕೆ ಯಾವ ನರದ ಅಪ್ಪಣೆಯೂ ಬೇಕಿಲ್ಲ, ಸ್ನಾಯುವಿನ ಸ್ವಭಾವವೇ ಅದು.

ಹೃದಯ ಕೊಟ್ಟ ರಕ್ತವನ್ನು ಎಲ್ಲಿಗೆ ಎಷ್ಟು ಬಿಡಬೇಕೆಂದು ತೀರ್ಮಾನಿಸುವುದು ದೊಡ್ಡ ರಕ್ತನಾಳಗಳಲ್ಲ, ಕೂದಲೆಳೆಗಿಂತ ತೆಳುವಾದ ಕಿರು ಅಪಧಮನಿಗಳು. ನಮ್ಮೂರು ಚಿತ್ರದುರ್ಗ ಸೀಮೆಯ ಕೆರೆಬಯಲಿನದು. ಅಲ್ಲಿ ಕೆರೆ ಎಷ್ಟೇ ತುಂಬಿದ್ದರೂ ಯಾವ ಗದ್ದೆಗೆ ಯಾವಾಗ ನೀರು ಎಂಬುದು ನೀರುಗಂಟಿಯ ಕೈಯಲ್ಲಿತ್ತು. ಆತ ತೂಬನ್ನು ಎಷ್ಟು ಎತ್ತುತ್ತಾನೆ, ಕಾಲುವೆಯ ಬದಿಗೆ ಎಷ್ಟು ಮಣ್ಣು ಎಳೆಯುತ್ತಾನೆ ಎಂಬುದರ ಮೇಲೆ ಕೊನೆಯ ಗದ್ದೆಯ ಬೆಳೆ ನಿಂತಿತ್ತು. ನಮ್ಮ ಮೈಯಲ್ಲಿ ಅಂಥ ಲಕ್ಷಾಂತರ ನೀರುಗಂಟಿಗಳು ಹಗಲೂ ರಾತ್ರಿ ದುಡಿಯುತ್ತಿದ್ದಾರೆ. ಅವರ ಶಕ್ತಿ ಎಷ್ಟೆಂಬುದನ್ನು ಫ್ರಾನ್ಸಿನ ಪ್ವಾಸೆಯ್ ಎಂಬ ವೈದ್ಯ 1840ರ ದಶಕದಲ್ಲಿ ಸಣ್ಣ ಗಾಜಿನ ನಳಿಕೆಗಳಲ್ಲಿ ನೀರು ಹರಿಸಿ ಕಂಡುಹಿಡಿದ ನಿಯಮ ತಿಳಿಸುತ್ತದೆ. ಒತ್ತಡ ಅಷ್ಟೇ ಇದ್ದು ನಳಿಕೆಯ ಒಳ ಅಗಲ ಅರ್ಧಕ್ಕಿಳಿದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರನೆಯ ಒಂದು ಪಾಲಿಗೆ ಇಳಿದುಬಿಡುತ್ತದೆ. ಇದ್ದುದಕ್ಕಿಂತ ಐದನೆಯ ಒಂದು ಪಾಲಿನಷ್ಟು ಹೆಚ್ಚು ಅಗಲವಾದರೆ ಸಾಕು, ಹರಿವು ಎರಡು ಪಟ್ಟಾಗುತ್ತದೆ. ಕಿರು ಅಪಧಮನಿಯ ಗೋಡೆಯ ಸ್ನಾಯು ಇಷ್ಟೇ ಇಷ್ಟು ಬಿಗಿದರೂ ಸಡಿಲಿಸಿದರೂ ಒಂದು ಅಂಗದ ಪಾಲು ಬದಲಾಗುವುದು ಈ ಕಾರಣದಿಂದ.

ಈ ನೀರುಗಂಟಿಗಳಲ್ಲಿ ಕೆಲವರು ಮೇಲಿನ ಅಪ್ಪಣೆಗೆ ಕಾಯುವುದೇ ಇಲ್ಲ. ಪ್ರಯೋಗಶಾಲೆಯಲ್ಲಿ ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ, ನಾಡಿ ನಿಲ್ಲುವಷ್ಟು ಗಾಳಿ ತುಂಬಿ, ಕೆಲವು ನಿಮಿಷ ಹಾಗೇ ಬಿಡುತ್ತಿದ್ದೆ. ಅಂಗೈ ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ, ಬೆರಳು ಜುಮ್ಮೆನ್ನುತ್ತದೆ. ಗಾಳಿಯನ್ನು ಒಮ್ಮೆಲೇ ಬಿಟ್ಟಾಗ ಕೈ ಮೊದಲಿನ ಬಣ್ಣಕ್ಕೆ ಮರಳಿ ಅಲ್ಲಿಗೇ ನಿಲ್ಲುವುದಿಲ್ಲ. ಮೊಣಕೈಯಿಂದ ಬೆರಳ ತುದಿಯವರೆಗೆ ಕೆಂಪು ಹರಡಿ, ಅಂಗೈ ಬೆಚ್ಚಗಾಗಿ, ಇನ್ನೊಂದು ಕೈಗಿಂತ ಕೆಂಪಾಗಿ ಒಂದೆರಡು ನಿಮಿಷ ಉಳಿಯುತ್ತದೆ. ರಕ್ತವಿಲ್ಲದ ಅವಧಿಯಲ್ಲಿ ಊತಕಗಳಲ್ಲಿ ಆಮ್ಲಜನಕ ಇಳಿದು, ಇಂಗಾಲದ ಡೈಆಕ್ಸೈಡ್, ಅಡಿನೋಸಿನ್ ಮೊದಲಾದವು ಕೂಡಿಕೊಂಡು, ಅವೇ ಅಲ್ಲಿನ ಕಿರುನಾಳಗಳನ್ನು ಸಡಿಲಿಸಿರುತ್ತವೆ. ಹಸಿದ ಅಂಗ ತನ್ನ ತೂಬನ್ನು ತಾನೇ ಎತ್ತಿಕೊಳ್ಳುತ್ತದೆ ಎಂದು ನಾನು ಹೇಳುತ್ತಿದ್ದೆ. ಓಡುವವನ ಕಾಲಿನ ಸ್ನಾಯುಗಳು ಅವನ ಹೃದಯ ಹೊರಹಾಕುವ ರಕ್ತದ ಬಹುಪಾಲನ್ನು ಎಳೆದುಕೊಳ್ಳುವುದೂ ಹೀಗೆಯೇ. ರಕ್ತನಾಳದ ಒಳಮೈಗೆ ಹಾಸಿರುವ, ಒಂದೇ ಒಂದು ಕೋಶದಷ್ಟು ದಪ್ಪದ ಪದರಕ್ಕೂ ಇದರಲ್ಲಿ ಪಾತ್ರವಿದೆ ಎಂಬುದು ನಾನು ಓದು ಮುಗಿಸುವ ಹೊತ್ತಿಗೆ ತಿಳಿದ ಹೊಸ ಸುದ್ದಿ. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ, ಮೊಲದ ಮಹಾಪಧಮನಿಯ ತುಣುಕಿನಲ್ಲಿ ಆ ಪದರ ಉಜ್ಜಿಹೋಗಿದ್ದರೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಹಾಕಿದರೂ ನಾಳ ಸಡಿಲಗೊಳ್ಳುವುದಿಲ್ಲವೆಂದು ತೋರಿಸಿದರು. ಆ ಪದರ ಹೊರಬಿಡುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಗೊತ್ತಾಗಿ, 1998ರಲ್ಲಿ ಅವರಿಗೂ ಇಗ್ನಾರೊ, ಮುರಾದ್ ಎಂಬ ಇನ್ನಿಬ್ಬರಿಗೂ ನೊಬೆಲ್ ಬಂತು. ಸಕ್ಕರೆ ಕಾಯಿಲೆ, ತಂಬಾಕು, ದೀರ್ಘಕಾಲದ ರಕ್ತದೊತ್ತಡ ಇವೆಲ್ಲ ಮೊದಲು ಕೆಡಿಸುವುದು ಈ ತೆಳು ಪದರವನ್ನೇ. ರಕ್ತನಾಳವೆಂದರೆ ಕಟ್ಟಿಕೊಳ್ಳುವ ಅಥವಾ ಕಟ್ಟಿಕೊಳ್ಳದ ಪೈಪು ಎಂಬಂತೆ ನಾವು ‘ಬ್ಲಾಕ್’ ಒಂದರ ಬಗ್ಗೆಯೇ ಮಾತಾಡುತ್ತೇವೆ. ಅದು ತಿಳಿದು ನಡೆಯುವ ಜೀವಂತ ಗೋಡೆ ಎಂಬುದನ್ನು ಮರೆಯುತ್ತೇವೆ.

ಅಂಗಗಳು ತಮ್ಮ ಪಾಲನ್ನು ತಾವೇ ನೋಡಿಕೊಳ್ಳಬಹುದು, ಆದರೆ ಕೆರೆಯಲ್ಲಿ ಮಟ್ಟವೇ ಇಲ್ಲದಿದ್ದರೆ ತೂಬು ಎತ್ತಿ ಫಲವೇನು? ಆ ಮಟ್ಟವನ್ನು ಕಾಯುವ ವ್ಯವಸ್ಥೆ ಬೇರೆಯೇ ಇದೆ. ಮನುಷ್ಯ ಮಲಗಿದ್ದವನು ಎದ್ದು ನಿಂತ ಕೂಡಲೇ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಎದೆಯ ಭಾಗದಿಂದ ಜಾರಿ ಕಾಲುಗಳ ಮತ್ತು ಹೊಟ್ಟೆಯ ಅಭಿಧಮನಿಗಳಲ್ಲಿ ಹೋಗಿ ಕೂಡುತ್ತದೆ. ರಕ್ತವನ್ನು ಹೃದಯಕ್ಕೆ ಮರಳಿ ತರುವ ಈ ಅಭಿಧಮನಿಗಳು ತೆಳ್ಳಗಿನ ಚೀಲಗಳಿದ್ದಂತೆ, ಹಾಕಿದಷ್ಟೂ ಹಿಗ್ಗುತ್ತವೆ. ಮೈಯ ರಕ್ತದಲ್ಲಿ ಮೂರರಲ್ಲಿ ಎರಡು ಪಾಲು ಯಾವಾಗಲೂ ಅವುಗಳಲ್ಲೇ ಇರುತ್ತದೆ. ಓದುಗರು ಈಗಲೇ ಒಂದು ಕೈಯನ್ನು ಕೆಳಗೆ ಇಳಿಬಿಟ್ಟು ನೋಡಲಿ. ಅಂಗೈಯ ಹಿಂಬದಿಯ ಹಸಿರು ಅಭಿಧಮನಿಗಳು ಉಬ್ಬಿ ನಿಲ್ಲುತ್ತವೆ. ಅದೇ ಕೈಯನ್ನು ಹಣೆಯ ಮಟ್ಟಕ್ಕೆ ಎತ್ತಿದರೆ ಕ್ಷಣದಲ್ಲಿ ಬತ್ತಿ ಚಪ್ಪಟೆಯಾಗುತ್ತವೆ. ನಿಂತಾಗ ಇಡೀ ಕಾಲಿನಲ್ಲಿ ನಡೆಯುವುದು ಇದೇ. ಹಿಂತಿರುಗುವ ರಕ್ತ ಕಡಿಮೆಯಾದರೆ ಹೃದಯ ಕೊಡುವುದೂ ಕಡಿಮೆಯಾಗುತ್ತದೆ, ಒತ್ತಡ ಇಳಿಯುತ್ತದೆ. ಮೆದುಳಾದರೋ ಹೃದಯಕ್ಕಿಂತ ಒಂದು ಅಡಿ ಮೇಲಿದೆ. ಅಲ್ಲಿಗೆ ಏರುವಷ್ಟರಲ್ಲಿ ಒತ್ತಡ, ಬಿ.ಪಿ. ಅಳೆಯುವ ಪಾದರಸದ ಲೆಕ್ಕದಲ್ಲಿ, 20ಕ್ಕೂ ಹೆಚ್ಚು ಮಿಲಿಮೀಟರ್ ಕುಗ್ಗಿರುತ್ತದೆ. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟೇ ಇರುವ ಮೆದುಳು ರಕ್ತದಲ್ಲಿ ನೂರಕ್ಕೆ ಸುಮಾರು ಹದಿನೈದು ಪಾಲನ್ನು ಪಡೆಯುತ್ತದೆ, ಮತ್ತು ಅದಕ್ಕೆ ಹತ್ತು ಸೆಕೆಂಡು ರಕ್ತ ನಿಂತರೂ ಪ್ರಜ್ಞೆ ತಪ್ಪುತ್ತದೆ.

ಹಾಗಿದ್ದೂ ನಾವೆಲ್ಲ ದಿನಕ್ಕೆ ನೂರು ಸಲ ಎದ್ದು ನಿಲ್ಲುತ್ತೇವೆ, ಏನೂ ಆಗುವುದಿಲ್ಲ. ಕಾರಣ, ಕತ್ತಿನ ಎರಡೂ ಬದಿಯಲ್ಲಿ ಕೆರೋಟಿಡ್ ಅಪಧಮನಿ ಕವಲೊಡೆಯುವ ಜಾಗದಲ್ಲಿ ಮತ್ತು ಹೃದಯದಿಂದ ಹೊರಟ ಮಹಾಪಧಮನಿಯ ಬಾಗಿನಲ್ಲಿ ಕಾವಲಿರುವ ನರತುದಿಗಳು. ಗೋಡೆ ಹಿಗ್ಗಿದಷ್ಟೂ ಇವು ಮೆದುಳಿನ ಬುಡಕ್ಕೆ ಸಂದೇಶ ಕಳಿಸುತ್ತಿರುತ್ತವೆ. ಒತ್ತಡ ಇಳಿದು ಗೋಡೆ ಸಡಿಲವಾದ ಕೂಡಲೇ ಸಂದೇಶ ವಿರಳವಾಗುತ್ತದೆ. ಮೆದುಳಿನ ಬುಡಕ್ಕೆ ಆ ವಿರಳತೆಯೇ ಎಚ್ಚರಿಕೆ. ಅದು ವೇಗಸ್ ನರದ ಲಗಾಮನ್ನು ಸಡಿಲಿಸಿ ಹೃದಯವನ್ನು ಬೇಗ ಬಡಿಯಲು ಬಿಡುತ್ತದೆ, ಸಿಂಪಥೆಟಿಕ್ ನರಗಳ ಮೂಲಕ ಕಿರು ಅಪಧಮನಿಗಳನ್ನು ಬಿಗಿಯುತ್ತದೆ, ಅಭಿಧಮನಿಗಳನ್ನು ಹಿಂಡಿ ಕೂಡಿದ್ದ ರಕ್ತವನ್ನು ಮೇಲಕ್ಕೆ ದೂಡುತ್ತದೆ. ಇದಕ್ಕೆ ಹಿಡಿಯುವ ಹೊತ್ತು ಕೆಲವೇ ಸೆಕೆಂಡು. ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ತಮ್ಮ ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟುಕೊಂಡು ಒಟ್ಟಿಗೆ ಎದ್ದು ನಿಲ್ಲಲು ಹೇಳುತ್ತಿದ್ದೆ. ನಾಡಿ ಸರಸರನೆ ಓಡಿ, ಹದಿನೈದು ಇಪ್ಪತ್ತು ಸೆಕೆಂಡುಗಳಲ್ಲಿ ಕೊಂಚ ನಿಧಾನಕ್ಕೆ ಬಂದಾಗ ಅವರ ಮುಖಗಳಲ್ಲಿ ಮೂಡುತ್ತಿದ್ದ ಬೆರಗು ನನಗಿನ್ನೂ ನೆನಪಿದೆ. ತಮ್ಮೊಳಗೆ ಹುಟ್ಟಿದಂದಿನಿಂದ ನಡೆದಿದ್ದ ಕೆಲಸವನ್ನು ಅವರು ಅಂದು ಮೊದಲ ಸಲ ಮುಟ್ಟಿ ನೋಡಿದ್ದರು.

ಈ ಕಾವಲಿಗೆ ವಯಸ್ಸಾಗುತ್ತದೆ. ಮಹಾಪಧಮನಿಯ ಗೋಡೆ ಗಡಸಾದಂತೆ ಅದು ಮೊದಲಿನಂತೆ ಹಿಗ್ಗುವುದಿಲ್ಲ, ನರತುದಿಗಳಿಗೆ ಏರಿಳಿತ ಸರಿಯಾಗಿ ತಿಳಿಯುವುದಿಲ್ಲ. ಬಹುಕಾಲದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮರಗಟ್ಟಿಸುವಂತೆಯೇ ಹೃದಯ ಮತ್ತು ರಕ್ತನಾಳಗಳಿಗೆ ಅಪ್ಪಣೆ ಒಯ್ಯುವ ನರಗಳನ್ನೂ ಕೆಡಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂಬುದನ್ನು ಇಲ್ಲಿ ನೆನೆಯಬೇಕು. ಜೊತೆಗೆ, ವಯಸ್ಸಾದ ಗಂಡಸರು ಪ್ರಾಸ್ಟೇಟ್ ತೊಂದರೆಗೆ ನುಂಗುವ ಕೆಲವು ಮಾತ್ರೆಗಳು, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಮೂತ್ರ ಹೆಚ್ಚಿಸುವ ಮಾತ್ರೆಗಳು, ಭೇದಿ, ಜ್ವರ, ವಾರಗಟ್ಟಲೆ ಹಾಸಿಗೆ ಹಿಡಿಯುವುದು, ಇವೆಲ್ಲವೂ ನಿಂತಾಗ ಒತ್ತಡ ಕುಸಿಯಲು ದಾರಿ ಮಾಡುತ್ತವೆ.

ಅಕ್ಕನ ವಿಷಯದಲ್ಲಿ ಇವು ಒಂದರ ಮೇಲೊಂದು ಬಂದು ಕೂತಿದ್ದವು. ಅವಳಿಗೆ ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ. ಹಿಂದಿನ ದಿನ ಏಕಾದಶಿ, ಹಣ್ಣು ಬಿಟ್ಟರೆ ಬೇರೇನೂ ತಿಂದಿರಲಿಲ್ಲ, ಬೇಸಿಗೆಯ ಸೆಕೆಯಲ್ಲಿ ನೀರೂ ಕಡಿಮೆ. ಮೂತ್ರದ ಮಾತ್ರೆ ಹದಿನೈದು ದಿನದಿಂದ ರಕ್ತದ ನೀರಿನಂಶವನ್ನು ಇಳಿಸುತ್ತಿತ್ತು, ಇಮ್ಮಡಿಯಾದ ಬಿ.ಪಿ. ಮಾತ್ರೆ ಕಿರು ಅಪಧಮನಿಗಳನ್ನು ಸಡಿಲಿಸಿ ಇಟ್ಟಿತ್ತು. ಬೆಚ್ಚಗಿನ ಹಾಸಿಗೆಯಿಂದ ಥಟ್ಟನೆ ಎದ್ದು, ಮೂತ್ರಕೋಶವನ್ನು ಪೂರ್ತಿ ಖಾಲಿ ಮಾಡಿ (ಅದೂ ಒತ್ತಡವನ್ನು ಇಳಿಸುತ್ತದೆ), ಮತ್ತೆ ಎದ್ದು ನಿಂತಾಗ ಬಿಗಿಯಬೇಕಾದ ನಾಳಗಳು ಬಿಗಿಯಲಿಲ್ಲ, ಓಡಬೇಕಾದ ಹೃದಯ ಓಡಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದು, ವಾಕರ್ ಹಿಡಿದು ನಿಲ್ಲುವಂತಾದ ಮೇಲೆ ನಾನೇ ಕೂತು ಅಳೆದೆ. ಮಲಗಿದ್ದಾಗ 148/82, ನಿಂತ ಒಂದು ನಿಮಿಷಕ್ಕೆ 116/70, ಮೂರು ನಿಮಿಷಕ್ಕೆ 110/68. ನಾಡಿ 76ರಿಂದ 80ಕ್ಕೆ ಮಾತ್ರ ಏರಿತ್ತು. ಒತ್ತಡ ಇಷ್ಟು ಕುಸಿದಾಗಲೂ ನಾಡಿ ಏರದೆ ಇರುವುದು, ಕೆಟ್ಟಿರುವುದು ನರಗಳ ಕಾವಲೇ ಎಂಬುದಕ್ಕೆ ಗುರುತು. ಇಷ್ಟಾದರೂ ಅವಳು ‘ನನಗೇನೂ ಆಗುತ್ತಿಲ್ಲ, ಆರಾಮಾಗಿದ್ದೇನೆ’ ಎನ್ನುತ್ತಿದ್ದಳು. ಆ ಮಾತೇ ನನ್ನನ್ನು ಹೆಚ್ಚು ಹೆದರಿಸಿತು, ಏಕೆಂದರೆ ಒತ್ತಡ ಕುಸಿಯುವ ಎಲ್ಲರಿಗೂ ತಲೆ ತಿರುಗುವುದಿಲ್ಲ. ಕೇಳಿ ತಿಳಿಯುವ ಕಾಯಿಲೆ ಇದಲ್ಲ, ಅಳೆದೇ ತಿಳಿಯಬೇಕು.

ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಸಂಖ್ಯೆ 20ರಷ್ಟು ಅಥವಾ ಕೆಳಗಿನ ಸಂಖ್ಯೆ 10ರಷ್ಟು ಇಳಿದರೆ ಅದನ್ನು ಗಮನಿಸಲೇಬೇಕಾದ ಕುಸಿತವೆಂದು ವೈದ್ಯಲೋಕ ಒಪ್ಪಿಕೊಂಡಿದೆ. ಅಳೆಯುವ ಕ್ರಮ ಸುಲಭ. ಐದು ನಿಮಿಷ ಮಾತಿಲ್ಲದೆ ಮಲಗಿಸಿ, ಅದಾಗದಿದ್ದರೆ ಬೆನ್ನಿಗೆ ಒರಗು ಕೊಟ್ಟು ಪಾದ ನೆಲಕ್ಕೆ ಊರಿ ಕೂರಿಸಿ, ಒಮ್ಮೆ ನೋಡಬೇಕು. ಎದ್ದು ನಿಂತ ಒಂದು ನಿಮಿಷಕ್ಕೂ ಮೂರು ನಿಮಿಷಕ್ಕೂ ಮತ್ತೆ ನೋಡಬೇಕು. ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರು ಇರಬೇಕು. ನಿಂತಾಗ ತೋಳನ್ನು ಜೋತುಬಿಡಬಾರದು ಎಂಬ ಒಂದು ಸೂಕ್ಷ್ಮವನ್ನು ಒತ್ತಿ ಹೇಳಬೇಕು. ಪಟ್ಟಿ ಕಟ್ಟಿದ ಜಾಗ ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ ಬಿ.ಪಿ. ಏಳೆಂಟು ಮಿಲಿಮೀಟರ್ ಹೆಚ್ಚಾಗಿ ತೋರುತ್ತದೆ, ಹಾಗಾಗಿ ನಿಜವಾದ ಕುಸಿತ ಮುಚ್ಚಿಹೋಗುತ್ತದೆ. ನೋಡುವವರೇ ಮೊಣಕೈಗೆ ಕೈಕೊಟ್ಟು ತೋಳನ್ನು ಎದೆಯ ಮಟ್ಟದಲ್ಲಿ ಹಿಡಿದರೆ ಸಾಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತುವುದು, ರವಿಕೆಯ ತೋಳಿನ ಮೇಲೆಯೇ ಸುತ್ತುವುದು, ಕಾಫಿ ಕುಡಿದ ಕೂಡಲೇ ಅಥವಾ ಮೂತ್ರ ಕಟ್ಟಿಕೊಂಡಿರುವಾಗ ನೋಡುವುದು, ಇವೆಲ್ಲ ಸಂಖ್ಯೆಯನ್ನು ಕೆಡಿಸುತ್ತವೆ ಎಂಬುದು ಗೊತ್ತಿರುವವರಿಗೂ ಮರೆತುಹೋಗುತ್ತಿದೆ.

ನಮ್ಮ ಜನರಿಗೆ ಈ ಕುಸಿತದ ಅನುಭವ ಹೊಸದಲ್ಲ, ಹೆಸರಷ್ಟೇ ಬೇರೆ ಬೇರೆ. ದೀಪಾವಳಿಯ ಎಣ್ಣೆಸ್ನಾನ ಮುಗಿಸಿ ಬಚ್ಚಲಿನಿಂದ ಏಳುವಾಗ ಅಜ್ಜಿಯರಿಗೆ ತಲೆಸುತ್ತು ಬರುವುದನ್ನು ಎಣ್ಣೆಯ ‘ನಂಜು’ ಎಂದೋ ದೃಷ್ಟಿ ಎಂದೋ ಹೇಳುತ್ತೇವೆ. ಹಂಡೆಯ ಬಿಸಿನೀರಿಗೆ ಚರ್ಮದ ನಾಳಗಳೆಲ್ಲ ಹಿಗ್ಗಿ, ತಗ್ಗು ಮಣೆಯ ಮೇಲೆ ಮಡಿಚಿ ಕೂತಿದ್ದ ಕಾಲುಗಳು ನೆಟ್ಟಗಾದಾಗ ರಕ್ತ ಒಮ್ಮೆಲೇ ಕೆಳಗಿಳಿಯುವುದು ಅದರ ಕಾರಣ. ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವ ಹೆಂಗಸರು ಥಟ್ಟನೆ ಎದ್ದಾಗ ಕಣ್ಣಿಗೆ ಕಪ್ಪು ಕವಿಯುವುದೂ, ಹಬ್ಬದೂಟ ಮುಗಿಸಿ ಎಲೆ ಮುಂದಿನಿಂದ ಎದ್ದ ಹಿರಿಯರು ಗೋಡೆ ಹಿಡಿಯುವುದೂ ಇದೇ ಜಾತಿಯ ಸಂಗತಿ; ಊಟವಾದ ಮೇಲೆ ರಕ್ತದ ದೊಡ್ಡ ಪಾಲು ಕರುಳಿನ ಕಡೆ ಹೋಗಿರುತ್ತದೆ. ಆಗಸ್ಟ್ 15ರಂದು ಬಿಸಿಲಲ್ಲಿ ಅಲುಗಾಡದೆ ನಿಂತ ಮಕ್ಕಳು ಕುಸಿಯುತ್ತಾರಲ್ಲ, ಅವರಿಗೆ ಯಾವ ರೋಗವೂ ಇರುವುದಿಲ್ಲ. ನಡೆಯುವಾಗ ಮೀನಖಂಡದ ಸ್ನಾಯುಗಳು ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲೆ ತಳ್ಳುತ್ತವೆ, ಒಳಗಿನ ಕವಾಟಗಳು ಅದು ಮರಳಿ ಇಳಿಯದಂತೆ ತಡೆಯುತ್ತವೆ. ಕಲ್ಲಿನಂತೆ ನಿಂತಾಗ ಆ ಪಂಪು ನಿಂತಿರುತ್ತದೆ. ಬಿದ್ದ ಮಗುವನ್ನು ಇಬ್ಬರು ರಟ್ಟೆ ಹಿಡಿದು ಎತ್ತಿ ನಿಲ್ಲಿಸಲು, ಕುರ್ಚಿಯಲ್ಲಿ ಕೂರಿಸಲು ಹೆಣಗುವುದನ್ನು ನಾನು ಎಷ್ಟೋ ಸಲ ಕಂಡು ತಡೆದಿದ್ದೇನೆ. ಬೀಳುವುದರಿಂದಲೇ ಮೆದುಳು ಹೃದಯದ ಮಟ್ಟಕ್ಕೆ ಬಂದು ರಕ್ತ ಪಡೆಯುತ್ತದೆ. ಮಲಗಿರಲು ಬಿಟ್ಟು ಕಾಲುಗಳನ್ನು ಎತ್ತಿ ಹಿಡಿದರೆ ಬಹುಪಾಲು ಮಕ್ಕಳು ನಿಮಿಷದೊಳಗೆ ಕಣ್ಣು ಬಿಡುತ್ತಾರೆ; ಬಿಡದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇಷ್ಟು ಓದಿದ ಯಾರಾದರೂ ನಾಳೆಯಿಂದ ತಮ್ಮ ಬಿ.ಪಿ. ಮಾತ್ರೆ ನಿಲ್ಲಿಸಿದರೆ ಈ ಪತ್ರ ಬರೆದ ನನಗೆ ಪಾಪ ತಟ್ಟುತ್ತದೆ. ಹತೋಟಿಯಲ್ಲಿಲ್ಲದ ರಕ್ತದೊತ್ತಡ ಪಾರ್ಶ್ವವಾಯುವಿಗೆ, ಹೃದಯಾಘಾತಕ್ಕೆ, ಮೂತ್ರಪಿಂಡಗಳ ವೈಫಲ್ಯಕ್ಕೆ ನೇರ ದಾರಿ. ಅಲ್ಲದೆ ವರ್ಷಗಟ್ಟಲೆ ಏರಿದ ಒತ್ತಡವೇ ಅಪಧಮನಿಗಳನ್ನು ಗಡಸು ಮಾಡಿ ಆ ಕಾವಲು ನರತುದಿಗಳನ್ನು ಮಂಕುಗೊಳಿಸುತ್ತದೆ, ಆದ್ದರಿಂದ ಒತ್ತಡವನ್ನು ಒಳ್ಳೆಯ ರೀತಿಯಲ್ಲಿ ಹತೋಟಿಗೆ ತರುವುದು ಈ ಕುಸಿತಕ್ಕೂ ಔಷಧವೇ. ನಾನು ಕೇಳುತ್ತಿರುವುದು ಮಾತ್ರೆಯನ್ನು ಹೆಚ್ಚಿಸುವ ಮುನ್ನ ರೋಗಿಯನ್ನು ಒಮ್ಮೆ ನಿಲ್ಲಿಸಿ ನೋಡಿ ಎಂದು ಮಾತ್ರ. ಅಕ್ಕನ ವೈದ್ಯರು ನಿಂತಾಗಿನ ಸಂಖ್ಯೆಗಳನ್ನು ಕಂಡ ಮೇಲೆ ಮೂತ್ರದ ಮಾತ್ರೆಯನ್ನು ತೆಗೆದು, ಇನ್ನೊಂದರ ಪ್ರಮಾಣವನ್ನು ಮೊದಲಿನಷ್ಟಕ್ಕೇ ತಂದರು, ಬಿ.ಪಿ. ಚಿಕಿತ್ಸೆ ಮುಂದುವರಿದಿದೆ. ಹಾಸಿಗೆಯಿಂದ ಏಳುವ ಮೊದಲು ಅಂಚಿನಲ್ಲಿ ಎರಡು ನಿಮಿಷ ಕೂತು ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು, ಏಳುವ ಮುನ್ನ ಒಂದು ಲೋಟ ನೀರು ಕುಡಿಯುವುದು, ರಾತ್ರಿ ದೀಪ ಹಾಕಿಯೇ ಬಚ್ಚಲಿಗೆ ಹೋಗುವುದು ಎಂದು ಅವರು ಹೇಳಿಕೊಟ್ಟದ್ದನ್ನು ಅಕ್ಕ ವ್ರತದಂತೆ ಪಾಲಿಸುತ್ತಿದ್ದಾಳೆ. ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿದ್ದೇವೆ.

ರಾಜ್ಯ ಸರ್ಕಾರವು 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆ ಬಾಗಿಲಿಗೇ ಹೋಗಿ ಬಿ.ಪಿ., ಸಕ್ಕರೆ ಕಾಯಿಲೆಗಳ ತಪಾಸಣೆ ನಡೆಸುತ್ತಿರುವುದು ತುಂಬ ಒಳ್ಳೆಯ ಕೆಲಸ. ವೃದ್ಧರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬರಬೇಕಿಲ್ಲ, ಅವರ ಮಂಚದ ಮೇಲೆಯೇ ಮಲಗಿಸಿ, ಅವರದೇ ನೆಲದ ಮೇಲೆ ನಿಲ್ಲಿಸಿ ಅಳೆಯಬಹುದು. ನಾನು ಹೇಳುತ್ತಿರುವ ಪರೀಕ್ಷೆಗೆ ಇದಕ್ಕಿಂತ ತಕ್ಕ ಜಾಗವಿಲ್ಲ. ಬೇಕಾಗುವ ಉಪಕರಣ ಅವರ ಚೀಲದಲ್ಲಿ ಈಗಾಗಲೇ ಇದೆ. ಹೆಚ್ಚುವರಿಯಾಗಿ ಬೇಕಾದದ್ದು ಹತ್ತು ನಿಮಿಷ. ಆಶಾ ಕಾರ್ಯಕರ್ತೆಯರಿಗೂ ದಾದಿಯರಿಗೂ ಈಗಿರುವ ಕೆಲಸವೇ ಹೊರಲಾರದಷ್ಟಿದೆ ಎಂಬುದನ್ನು ನಾನು ಬಲ್ಲೆ, ಅದಕ್ಕಾಗಿಯೇ ಎಲ್ಲರಿಗೂ ಈ ಪರೀಕ್ಷೆ ಬೇಕೆಂದು ಕೇಳುವುದಿಲ್ಲ. ಅರವತ್ತು ದಾಟಿ ಬಿ.ಪಿ. ಮಾತ್ರೆ ನುಂಗುವವರು, ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಸಕ್ಕರೆ ಕಾಯಿಲೆ ಇರುವವರು, ಒಮ್ಮೆ ಬಿದ್ದವರು, ಎದ್ದಾಗ ಕಣ್ಣು ಕತ್ತಲಾಗುತ್ತದೆ ಎನ್ನುವವರು, ಇಷ್ಟು ಜನರಿಗೆ ವರ್ಷಕ್ಕೊಮ್ಮೆ ಮತ್ತು ಪ್ರತಿ ಸಲ ಮಾತ್ರೆ ಬದಲಾದ ಮೇಲೊಮ್ಮೆ ಮಾಡಿದರೂ ಎಷ್ಟೋ ಸೊಂಟಗಳು ಉಳಿಯುತ್ತವೆ. ಹೊರರೋಗಿ ವಿಭಾಗದ ಜನಜಂಗುಳಿಯಲ್ಲಿ ಇದಕ್ಕೆ ಸಮಯವೆಲ್ಲಿ ಎಂದು ನನ್ನ ಹಳೆಯ ವಿದ್ಯಾರ್ಥಿಗಳೇ ಕೇಳುತ್ತಾರೆ. ಮುರಿದ ಸೊಂಟದ ಒಬ್ಬ ರೋಗಿಗೆ ಅದೇ ಆಸ್ಪತ್ರೆ ಎಷ್ಟು ದಿನಗಳ ಮಂಚ, ಎಷ್ಟು ಜನರ ದುಡಿಮೆ ಕೊಡಬೇಕಾಗುತ್ತದೆ ಎಂಬ ಲೆಕ್ಕವನ್ನು ಅವರ ಮುಂದೆ ಇಡಬಯಸುತ್ತೇನೆ.

ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಬಿ.ಪಿ. ಕುರಿತು ಬರುವ ಲೇಖನಗಳಲ್ಲಿ ಉಪ್ಪು, ನಡಿಗೆ, ಮಾತ್ರೆಗಳ ಮಾತು ಇದ್ದೇ ಇರುತ್ತದೆ, ಇರಬೇಕಾದದ್ದೂ ಹೌದು. ಅದರ ಜೊತೆಗೆ ನಿಂತು ಅಳೆಯುವ ಕ್ರಮವನ್ನು ಚಿತ್ರಸಹಿತ ಒಮ್ಮೆ ಮುದ್ರಿಸಿದರೆ, ಮನೆಯಲ್ಲೇ ಬಿ.ಪಿ. ಯಂತ್ರ ಇಟ್ಟುಕೊಂಡಿರುವ ಸಾವಿರಾರು ಕುಟುಂಬಗಳು ಅಂದೇ ತಮ್ಮ ಹಿರಿಯರನ್ನು ಪರೀಕ್ಷಿಸಬಹುದು, ಸಂಖ್ಯೆ ಕುಸಿದಿದ್ದರೆ ಅದನ್ನು ವೈದ್ಯರ ಮುಂದೆ ಇಡಬಹುದು. ಅಕ್ಕನ ತಲೆದಿಂಬಿನ ಬಳಿ ಒಂದು ಶಾಲಾ ನೋಟ್‌ಬುಕ್ ಇದೆ; ಅದರಲ್ಲಿ ಮೊಮ್ಮಗಳು ಗೆರೆ ಎಳೆದು ‘ಮಲಗಿ’, ‘ನಿಂತು’ ಎಂದು ಎರಡು ಅಂಕಣ ಮಾಡಿಕೊಟ್ಟಿದ್ದಾಳೆ, ಪ್ರತಿ ಭಾನುವಾರ ಬೆಳಿಗ್ಗೆ ಎರಡನ್ನೂ ತುಂಬುತ್ತಾಳೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಬಿ.ಪಿ. ರೋಗಿಗಳಿಗೆ ಕೊಡುವ ಚೀಟಿಯಲ್ಲೂ ಆ ಎರಡನೆಯ ಅಂಕಣವನ್ನು ಮುದ್ರಿಸಬೇಕೆಂದು ಆರೋಗ್ಯ ಇಲಾಖೆಯನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,

ನಿವೃತ್ತ ಶರೀರಕ್ರಿಯಾ ವಿಜ್ಞಾನ ಅಧ್ಯಾಪಕ,
ದಾವಣಗೆರೆ